ಮೂಳೆಯೂ ಇಲ್ಲ, ನರವೂ ಇಲ್ಲ: ಬ್ಯಾಕ್ಟೀರಿಯಾಕ್ಕೆ ಕ್ಯಾಲ್ಸಿಯಂ ಏಕೆ?

ಅಗರ್ ತಟ್ಟೆ
ಪದವಿ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು ನಾನು. ನಮ್ಮ ಪಠ್ಯಪುಸ್ತಕದಲ್ಲಿ ಕ್ಯಾಲ್ಸಿಯಂ ಎರಡೇ ಕಡೆ ತಲೆ ಹಾಕುತ್ತದೆ. ಬೀಜಕಗಳ (ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ಗಟ್ಟಿ ರೂಪ) ಪಾಠದಲ್ಲಿ ಡೈಪಿಕೋಲಿನಿಕ್ ಆಮ್ಲದ ಜೊತೆ ಒಮ್ಮೆ, ಪ್ರಾಯೋಗಿಕ ತರಗತಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ತೂರಿಸುವಾಗ ಇನ್ನೊಮ್ಮೆ. ಮೊನ್ನೆ ಒಬ್ಬ ಹುಡುಗ ಎದ್ದು, "ಮೇಡಂ, ಇವಕ್ಕೆ ಮೂಳೆಯಿಲ್ಲ, ಸ್ನಾಯುವಿಲ್ಲ, ನರವಿಲ್ಲ. ಕ್ಯಾಲ್ಸಿಯಂ ಇದ್ದರೆಷ್ಟು, ಬಿಟ್ಟರೆಷ್ಟು?" ಎಂದು ಕೇಳಿದ. ತರಗತಿ ಗೊಳ್ಳೆಂದಿತು. ನನಗೆ ಮಾತ್ರ ಪ್ರಶ್ನೆ ಹಿಡಿಸಿತು.

ನಮ್ಮ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಸಂದೇಶವಾಹಕ. ಹೃದಯ ಮಿಡಿಯುವುದಕ್ಕೂ ಅದು ಬೇಕು, ನರದ ತುದಿಯಿಂದ ರಾಸಾಯನಿಕ ಹೊರಬೀಳುವುದಕ್ಕೂ ಅದು ಬೇಕು, ಅಂಡಕ್ಕೆ ವೀರ್ಯಾಣು ಸೇರಿದ ಕೂಡಲೇ ಕೋಶದುದ್ದಕ್ಕೂ ಹರಿಯುವ ಅಲೆಯೂ ಅದರದೇ. ಬ್ಯಾಕ್ಟೀರಿಯಾದ ಒಳಗೂ ಇಂಥದ್ದೇನಾದರೂ ನಡೆಯುತ್ತದೆಯೇ? ಅಥವಾ ಪೊರೆಗೆ ಬಿಗಿ ಕೊಡುವುದು, ಕಿಣ್ವಗಳಿಗೆ ಆಸರೆಯಾಗುವುದು, ಇಷ್ಟಕ್ಕೇ ಅದರ ಪಾತ್ರ ಮುಗಿಯುತ್ತದೆಯೇ? ಓದಿದವರು, ಲ್ಯಾಬಿನಲ್ಲಿ ಕೈಯಾಡಿಸಿದವರು ಹೇಳಬೇಕು.

ಬಯಲುಸೀಮೆ
ಬಹಳ ದಿನಗಳ ಮೇಲೆ ರಾಜಕೀಯವಿಲ್ಲದ ಚರ್ಚೆಯೊಂದು ಕಂಡಿತು. ಮೊದಲ ಸಾಲಿನಲ್ಲಿ ಕುಳಿತಿದ್ದೇನೆ.

ಪ್ಲಾಸ್ಮಿಡ್ ಪ್ರಿಯ
ಮೇಡಂ, ಪ್ರಾಯೋಗಿಕ ತರಗತಿಯಿಂದಲೇ ಶುರು ಮಾಡೋಣ. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತಣ್ಣಗಿಟ್ಟ ಇ. ಕೋಲಿ, ಬ್ಯಾಕ್ಟೀರಿಯಾಕ್ಕೆ ಬೀಳುವ ಫೇಜ್ ಎಂಬ ವೈರಸ್‌ನ ಬರಿಯ ಡಿಎನ್‌ಎಯನ್ನು ಒಳಗೆಳೆದುಕೊಳ್ಳುತ್ತದೆ ಎಂದು ಮ್ಯಾಂಡೆಲ್ ಮತ್ತು ಹಿಗಾ 1970ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ ಸ್ಟ್ಯಾನ್ಲಿ ಕೋಹೆನ್ ತಂಡ ಅದೇ ಉಪಾಯದಿಂದ ಪ್ಲಾಸ್ಮಿಡ್ ಸೇರಿಸಿತು. ವಂಶವಾಹಿ ತಂತ್ರಜ್ಞಾನದ ಇಡೀ ಉದ್ಯಮ ಬೆಳೆದದ್ದು ಈ ಅಗ್ಗದ ಲವಣದ ಹೆಗಲೇರಿ.

ಕೈಯಾರೆ ಮಾಡಿದವರು ಒಂದು ವಿಷಯ ಗಮನಿಸಿರುತ್ತೀರಿ. ಪೋಷಕ ಸಾರಿನಲ್ಲಿ ಬೆಳೆದ ಕೋಶಗಳನ್ನು ಮೊದಲ ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಅವು ಕೊಳವೆಯ ತಳದಲ್ಲಿ ಗಟ್ಟಿಯಾಗಿ ಒಂದೆಡೆ ಕೂರುತ್ತವೆ. ಅವನ್ನೇ 0.1 ಮೋಲಾರ್ ಮಂಜುತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಕದಡಿ ಮತ್ತೆ ತಿರುಗಿಸಿ ನೋಡಿ, ಈಗ ಗೋಡೆಗುಂಟ ಮಸುಕಾಗಿ ಉಂಗುರಾಕಾರದಲ್ಲಿ ಹರಡಿಕೊಂಡಿರುತ್ತವೆ. ಪೊರೆಗೆ ಏನೋ ಆಗಿದೆ ಎಂಬುದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ. ಆ ಹಂತದಲ್ಲಿ ಜೋರಾಗಿ ಅಲುಗಿಸಿದರೆ ಕೆಲಸ ಕೆಟ್ಟಂತೆಯೇ. ಅದೇ ದ್ರಾವಣದಲ್ಲಿ ನಾಲ್ಕು ಡಿಗ್ರಿಯಲ್ಲಿ ರಾತ್ರಿ ಕಳೆಯಲು ಬಿಟ್ಟರೆ ಡಿಎನ್‌ಎ ಸ್ವೀಕರಿಸುವ ಶಕ್ತಿ ಇನ್ನೂ ಹೆಚ್ಚುತ್ತದೆ. ಆಮೇಲೆ 42 ಡಿಗ್ರಿಯ ಬಿಸಿ ನೀರು, ಮತ್ತೆ ಮಂಜು.

ಸಂದೇಹಿ
ಪ್ಲಾಸ್ಮಿಡ್ ಪ್ರಿಯರೇ, ನೂರು ಮಿಲಿಮೋಲಾರ್ ಕ್ಯಾಲ್ಸಿಯಂ ಸುರಿದರೆ ಯಾವ ಪೊರೆ ತಾನೇ ಸುಮ್ಮನಿದ್ದೀತು? ಡಿಎನ್‌ಎಯಲ್ಲಿ ಋಣ ವಿದ್ಯುದಂಶ, ಹೊರಪೊರೆಯ ಲಿಪೊಪಾಲಿಸ್ಯಾಕರೈಡಿನಲ್ಲೂ ಋಣ ವಿದ್ಯುದಂಶ. ಎರಡು ಧನ ವಿದ್ಯುದಂಶ ಹೊತ್ತ ಅಯಾನು ನಡುವೆ ನಿಂತು ಜಗಳ ಬಿಡಿಸುತ್ತದೆ. ಇದು ರಸಾಯನಶಾಸ್ತ್ರ. ಜೀವಿ ತಾನಾಗಿ ಮಾಡುವ ನಿಯಂತ್ರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಸಂಕೇತ ಎಂದು ಒಪ್ಪಬೇಕಾದರೆ ನಾನು ಮೂರನ್ನು ಕೇಳುತ್ತೇನೆ. ಪ್ರಚೋದನೆ ಬಂದಾಗ ಕೋಶದ ಒಳಗಿನ ಕ್ಯಾಲ್ಸಿಯಂ ಬದಲಾಗಬೇಕು. ಆ ಬದಲಾವಣೆಯನ್ನು ಓದುವ ಪ್ರೋಟೀನ್ ಒಂದನ್ನು ಬೆರಳಿಟ್ಟು ತೋರಿಸಬೇಕು. ಬದಲಾವಣೆಯನ್ನು ತಡೆದರೆ ಜೀವಿಯ ನಡವಳಿಕೆಯೂ ನಿಲ್ಲಬೇಕು. ನಮ್ಮ ಸ್ನಾಯುವಿನಲ್ಲಿ ಮೂರೂ ಇವೆ. ಬ್ಯಾಕ್ಟೀರಿಯಾದಲ್ಲಿ ಮೂರೂ ಒಟ್ಟಿಗೆ ಎಲ್ಲಿವೆ?

ಕೂಡುಕಳೆ
ಸ್ವಲ್ಪ ಲೆಕ್ಕ ಹಾಕೋಣವೇ? ಇ. ಕೋಲಿಯ ಒಳಗಿನ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್. ಕೋಶದ ಗಾತ್ರ ಸುಮಾರು ಒಂದು ಫೆಮ್ಟೊಲೀಟರ್, ಅಂದರೆ ಲೀಟರಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು. ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿ ನೋಡಿ. ಇಡೀ ಕೋಶದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅಯಾನುಗಳು ಸುಮಾರು ಅರವತ್ತು!

ಹೊರಗಿನ ದ್ರವದಲ್ಲಿ ಒಂದು ಮಿಲಿಮೋಲಾರ್ ಇದ್ದರೆ ಅಷ್ಟೇ ಜಾಗದಲ್ಲಿ ಆರು ಲಕ್ಷ ಅಯಾನುಗಳಿರುತ್ತವೆ. ಒಳಗೂ ಹೊರಗೂ ಹತ್ತು ಸಾವಿರ ಪಟ್ಟು ಅಂತರ.

ಬಯಲುಸೀಮೆ
ಅರವತ್ತೇ? ನಮ್ಮ ಊರಿನ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ.

ಸಂದೇಹಿ
ಕೂಡುಕಳೆಯವರ ಲೆಕ್ಕ ನನ್ನ ಪರವಾಗಿಯೇ ಇದೆ. ಅರವತ್ತು ಅಯಾನುಗಳ ಗುಂಪಿನಲ್ಲಿ ಎಂಟು ಹತ್ತು ಅತ್ತಿತ್ತ ಆಗುವುದು ಬರಿಯ ಆಕಸ್ಮಿಕದಿಂದಲೇ ಸಾಧ್ಯ. ಅಂಥ ಗದ್ದಲದಲ್ಲಿ ಸಂದೇಶ ಕೇಳಿಸುವುದು ಹೇಗೆ? ನಮ್ಮ ಕೋಶದಲ್ಲಾದರೆ ಒಂದು ಮೂಲೆಯಲ್ಲಿ ಮಾತ್ರ ಕ್ಯಾಲ್ಸಿಯಂ ಏರಿಸಿ ಇನ್ನೊಂದು ಮೂಲೆಯನ್ನು ತಣ್ಣಗಿಡಬಹುದು. ಎರಡು ಮೈಕ್ರೊಮೀಟರ್ ಉದ್ದದ ಇ. ಕೋಲಿಯಲ್ಲಿ ಮೂಲೆ ಎನ್ನುವುದೇ ಇಲ್ಲ.

ಪೊರೆಯಾಚೆ
ಅದೇ ಲೆಕ್ಕವನ್ನು ತಿರುಗಿಸಿ ನೋಡಿ ಸಂದೇಹಿ ಅವರೇ. ಒಳಗೆ ಬರೇ ಅರವತ್ತು ಇರುವುದರಿಂದಲೇ ಸಣ್ಣದೊಂದು ಕಾಲುವೆ ಕ್ಷಣಕಾಲ ತೆರೆದರೂ ಸಾಕು, ಸಂಖ್ಯೆ ಆರುನೂರಕ್ಕೆ ಹಾರುತ್ತದೆ. ಹತ್ತು ಪಟ್ಟು ಏರಿಕೆಯನ್ನು ಗದ್ದಲ ಎನ್ನಲಾಗದು. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಂದ ಇಂಥ ಏರಿಳಿತ ಸಾಧ್ಯವಿಲ್ಲ, ಅವು ಒಳಗೂ ರಾಶಿ ಬಿದ್ದಿರುತ್ತವೆ. ಕೋಶಭಿತ್ತಿಗೆ, ಪೊರೆಗೆ, ಪ್ರೋಟೀನ್‌ಗಳಿಗೆ ಅಂಟಿಕೊಂಡ ಕ್ಯಾಲ್ಸಿಯಂ ಬೇರೆ, ಅದರ ಪ್ರಮಾಣ ದೊಡ್ಡದು. ನಾವು ಮಾತನಾಡುತ್ತಿರುವುದು ಬಿಡಿ ಅಯಾನುಗಳ ಬಗ್ಗೆ.

ಅಗರ್ ತಟ್ಟೆ
ಈ 100 ನ್ಯಾನೊಮೋಲಾರ್ ಅಳೆದವರು ಯಾರು? ಇಷ್ಟು ಚಿಕ್ಕ ಕೋಶದೊಳಗೆ ಅಳೆಯುವುದಾದರೂ ಹೇಗೆ? ಅಷ್ಟು ಕಡಿಮೆ ಇಟ್ಟುಕೊಳ್ಳುವ ದರ್ದು ಬ್ಯಾಕ್ಟೀರಿಯಾಕ್ಕೆ ಏನಿದೆ?

ಪೊರೆಯಾಚೆ
1987ರಲ್ಲಿ ಗಂಗೋಲಾ ಮತ್ತು ರೋಸೆನ್, ಕ್ಯಾಲ್ಸಿಯಂ ಅಂಟಿದರೆ ಹೊಳಪು ಬದಲಿಸುವ ಫ್ಯೂರಾ-2 ಎಂಬ ಬಣ್ಣವನ್ನು ಇ. ಕೋಲಿಯೊಳಗೆ ಸೇರಿಸಿ ಸುಮಾರು 90 ನ್ಯಾನೊಮೋಲಾರ್ ಎಂದು ಕಂಡರು. 1991ರಲ್ಲಿ ಇನ್ನೂ ಚೆಂದದ ವಿಧಾನ ಬಂತು. ಈಕ್ವೊರಿನ್ ಎಂಬ, ಕ್ಯಾಲ್ಸಿಯಂ ತಗುಲಿದರೆ ನೀಲಿ ಬೆಳಕು ಸೂಸುವ ಜೆಲ್ಲಿ ಮೀನಿನ ಪ್ರೋಟೀನನ್ನು ಇ. ಕೋಲಿಯಲ್ಲೇ ತಯಾರಾಗುವಂತೆ ಮಾಡಿ ಅಳೆದರು. ಹೊರಗೆ ಕ್ಯಾಲ್ಸಿಯಂ ಎಷ್ಟೇ ಏರಿಸಿದರೂ ಕೋಶ ಒಳಗಿನ ಮಟ್ಟವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಸ್ಪಷ್ಟವಾಯಿತು. ಪ್ರೋಟಾನ್ ಒಳಗೆ ಬಿಟ್ಟುಕೊಂಡು ಕ್ಯಾಲ್ಸಿಯಂ ಹೊರಗೆ ದಬ್ಬುವ ವಿನಿಮಯಕಗಳು ಪೊರೆಯಲ್ಲಿ ಇವೆ. ಕೆಲವು ಜಾತಿಗಳಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಸುಟ್ಟು ದಬ್ಬುವ ಪಂಪುಗಳೂ ಉಂಟು.

ದರ್ದು ಏನೆಂದರೆ ಫಾಸ್ಫೇಟ್. ಜೀವಿಗಳೆಲ್ಲ ತಮ್ಮ ಶಕ್ತಿಯ ವ್ಯವಹಾರವನ್ನು ಫಾಸ್ಫೇಟ್ ಮೇಲೆ ಕಟ್ಟಿಕೊಂಡಿವೆ, ವಂಶವಾಹಿಯ ಬೆನ್ನೆಲುಬೂ ಅದೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ಮಿಲಿಮೋಲಾರ್ ಮಟ್ಟದಲ್ಲಿ ಎದುರಾದರೆ ಕರಗದ ಲವಣವಾಗಿ ತಳ ಸೇರುತ್ತವೆ. ನಮ್ಮ ಮೂಳೆಗೆ ಅದು ಅನುಕೂಲ, ಕೋಶರಸದಲ್ಲಿ ಅನಾಹುತ. ಹಾಗಾಗಿ ಕ್ಯಾಲ್ಸಿಯಂ ಅನ್ನು ಹೊರಗಿಡುವ ಹಟ ಜೀವದಷ್ಟೇ ಹಳೆಯದು.

ಸಂದೇಹಿ
ಸರಿ, ಹೊರಗಿಡುತ್ತದೆ. ಮಳೆನೀರು ಮನೆಗೆ ನುಗ್ಗದಿರಲಿ ಎಂದು ಬಾಗಿಲಿಗೆ ಮಣ್ಣಿನ ಚೀಲ ಅಡ್ಡ ಇಡುವುದನ್ನು ಯಾರೂ ಪತ್ರವ್ಯವಹಾರ ಎನ್ನುವುದಿಲ್ಲ.

ಚಾವಟಿ ಬಾಲ
ಹಾಗಿದ್ದರೆ ಈಜುವ ಇ. ಕೋಲಿಯನ್ನು ಏನೆನ್ನುತ್ತೀರಿ? ಟೀಸಾ ಮತ್ತು ಜೂಲಿಯಸ್ ಆಡ್ಲರ್ 1992ರಲ್ಲಿ ಮಾಡಿದ ಪ್ರಯೋಗ ಓದಿ. ಬೆಳಕು ಬಿದ್ದರೆ ಕ್ಯಾಲ್ಸಿಯಂ ಬಿಟ್ಟುಕೊಡುವ ರಾಸಾಯನಿಕವನ್ನು ಕೋಶದೊಳಗೆ ತುಂಬಿ ಬೆಳಕು ಹಾಯಿಸಿದರು. ಕೋಶಗಳು ನೇರ ಈಜುವುದನ್ನು ಬಿಟ್ಟು ಉರುಳಾಡತೊಡಗಿದವು. ಬೆಳಕು ಬಿದ್ದಾಗ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಇನ್ನೊಂದು ರಾಸಾಯನಿಕ ತುಂಬಿದಾಗ ಉರುಳಾಟ ನಿಂತು ನೇರ ಈಜು. ಮೂರು ವರ್ಷಗಳ ನಂತರ ಅದೇ ಪ್ರಯೋಗಾಲಯ, ಬೇಡದ ರಾಸಾಯನಿಕ ಕಂಡಾಗ ಒಳಗಿನ ಕ್ಯಾಲ್ಸಿಯಂ ಏರುತ್ತದೆ, ಇಷ್ಟವಾದದ್ದು ಕಂಡಾಗ ಇಳಿಯುತ್ತದೆ ಎಂದೂ ತೋರಿಸಿತು. ನೀವು ಕೇಳಿದ ಮೊದಲ ಮತ್ತು ಮೂರನೆಯ ಷರತ್ತು ಎರಡೂ ಇಲ್ಲಿವೆಯಲ್ಲ?

ಸಂದೇಹಿ
ಎರಡನೆಯದು ಇಲ್ಲ, ಅದೇ ತಕರಾರು. ಈಜಿನ ದಿಕ್ಕು ಬದಲಿಸುವ ಯಂತ್ರ ನಮಗೆ ತಿರುಪು ತಿರುಪಾಗಿ ಗೊತ್ತಿದೆ. ಗ್ರಾಹಕದಿಂದ ಚೀ-ಎ ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ), ಅದರಿಂದ ಚೀ-ವೈ ಎಂಬ ಪ್ರೋಟೀನಿಗೆ ಫಾಸ್ಫೇಟ್, ಚೀ-ವೈ ಹೋಗಿ ಚಾವಟಿ ತಿರುಗಿಸುವ ಮೋಟಾರಿಗೆ ಅಂಟಿದರೆ ಅದು ತಿರುಗುವ ದಿಕ್ಕು ಬದಲು. ಈ ಸರಪಳಿ ಕ್ಯಾಲ್ಸಿಯಂ ಇಲ್ಲದೆಯೇ ಪೂರ್ತಿಯಾಗುತ್ತದೆ. ಕ್ಯಾಲ್ಸಿಯಂ ಎಲ್ಲಿ ಕೈ ಹಾಕುತ್ತದೆ ಎಂದು ಯಾರಾದರೂ ಒಂದು ಪ್ರೋಟೀನ್ ತೋರಿಸಲಿ, ಆಮೇಲೆ ಮಾತನಾಡೋಣ.

ಚಾವಟಿ ಬಾಲ
ಯಂತ್ರ ಪೂರ್ತಿ ಗೊತ್ತು ಎಂದ ಕೂಡಲೇ ಅದರ ಮೇಲೆ ಇನ್ನೊಂದು ಹಿಡಿಕೆ ಇರಬಾರದು ಎಂದೇನೂ ಇಲ್ಲ.

ಹಸಿರು ಮಿಣುಕು
2017ರ ಕೆಲಸವೊಂದನ್ನು ಯಾರೂ ಎತ್ತಲಿಲ್ಲವಲ್ಲ. ಕೊಲರಾಡೊದ ಕ್ರಾಲ್ ಪ್ರಯೋಗಾಲಯದವರು ನರಕೋಶಗಳಿಗೆ ಬಳಸುವ ಜಿಕ್ಯಾಂಪ್ ಎಂಬ, ಕ್ಯಾಲ್ಸಿಯಂ ತಗುಲಿದರೆ ಹೊಳೆಯುವ ಪ್ರೋಟೀನನ್ನು ಇ. ಕೋಲಿಯಲ್ಲಿ ಇಟ್ಟು ಒಂದೊಂದೇ ಕೋಶವನ್ನು ನೋಡಿದರು. ಮೆದು ಅಗರೋಸ್ ಹಾಸಿನ ಕೆಳಗೆ ಒತ್ತಿಟ್ಟ ಕೋಶಗಳಲ್ಲಿ ಕ್ಯಾಲ್ಸಿಯಂ ಸುಮ್ಮನೆ ಕೂರುವುದಿಲ್ಲ, ಮಿಣುಕುತ್ತದೆ. ಒಂದು ಕೋಶ ಹೊಳೆದು ಆರುತ್ತದೆ, ಪಕ್ಕದ್ದು ತನ್ನ ಪಾಡಿಗೆ ಬೇರೆ ಹೊತ್ತಿನಲ್ಲಿ. ಆ ವೀಡಿಯೊ ನೋಡಿದರೆ ಬ್ಯಾಕ್ಟೀರಿಯಾ ಎಂದು ನಂಬುವುದೇ ಕಷ್ಟ. ಪೊರೆಯ ವಿದ್ಯುತ್ ಒತ್ತಡಕ್ಕೂ ಈ ಮಿಣುಕಿಗೂ ನಂಟಿದೆ, ಮೇಲ್ಮೈಗೆ ತಗುಲಿದ ಯಾಂತ್ರಿಕ ಒತ್ತಡದಿಂದ ಅದು ಹೆಚ್ಚುತ್ತದೆ, ಪ್ರೋಟೀನ್‌ಗಳ ಪ್ರಮಾಣವೂ ಅದರಿಂದ ಬದಲಾಗುತ್ತದೆ ಎಂಬುದು ಅವರ ವಾದ. 2020ರಲ್ಲಿ ಅದೇ ಗುಂಪು, ಅಮಿನೋಗ್ಲೈಕೋಸೈಡ್ ಆ್ಯಂಟಿಬಯೋಟಿಕ್ ಕೊಟ್ಟಾಗ ಸಾಯಲಿರುವ ಕೋಶಗಳಲ್ಲಿ ಇಂಥ ಏರಿಳಿತ ಜೋರಾಗುತ್ತದೆ ಎಂದು ವರದಿ ಮಾಡಿತು.

ಸಂದೇಹಿ
ಜಿಕ್ಯಾಂಪ್ ಆಮ್ಲೀಯತೆಗೂ ಸ್ಪಂದಿಸುತ್ತದೆ. ಪಿಎಚ್ ಬದಲಾದರೂ ಹೊಳಪು ಬದಲಾಗುತ್ತದೆ.

ಹಸಿರು ಮಿಣುಕು
ಅದು ಎಲ್ಲರಿಗೂ ಗೊತ್ತಿರುವ ತೊಡಕು, ಪಿಎಚ್ ಅಳೆಯುವ ಪ್ರೋಟೀನ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು. ಎಲ್ಲದಕ್ಕೂ ಕೊಂಕು ತೆಗೆದರೆ ಹೇಗೆ ಸರ್?

ಸಂದೇಹಿ
ಕೊಂಕು ತೆಗೆಯದಿದ್ದರೆ ನನ್ನ ಹೆಸರು ಬದಲಿಸಿಕೊಳ್ಳಬೇಕಾಗುತ್ತದೆ.

ವಾರ್ಡಿನ ಪಕ್ಕದ ಲ್ಯಾಬ್
ನೀವೆಲ್ಲ ಸಂಕೇತ, ದೂತ ಎಂದು ಜಗಳವಾಡುತ್ತಿದ್ದೀರಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕ್ಯಾಲ್ಸಿಯಂ ನಮಗೆ ದಿನನಿತ್ಯದ ತಲೆನೋವು. ಡ್ಯಾಪ್ಟೊಮೈಸಿನ್ ಎಂಬ ಔಷಧ ಇದೆ, ಹಲವು ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾದ ರಕ್ತಸೋಂಕಿಗೆ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾದ ಪೊರೆಗೆ ಇಳಿಯಬೇಕಾದರೆ ಕ್ಯಾಲ್ಸಿಯಂ ಜೊತೆಗಿರಲೇಬೇಕು. ಸಾಮಾನ್ಯ ಮ್ಯುಲ್ಲರ್-ಹಿಂಟನ್ ಸಾರಿನಲ್ಲಿ ಲೀಟರಿಗೆ 20ರಿಂದ 25 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಂತೆ ಹೊಂದಿಸುತ್ತೇವೆ. ಡ್ಯಾಪ್ಟೊಮೈಸಿನ್ ಪರೀಕ್ಷೆಗೆ ಅದನ್ನು 50 ಮಿಲಿಗ್ರಾಂಗೆ ಏರಿಸಬೇಕು. ಏರಿಸದಿದ್ದರೆ ಔಷಧಕ್ಕೆ ಸಾಯಬೇಕಾದ ಬ್ಯಾಕ್ಟೀರಿಯಾ ಪರೀಕ್ಷಾ ತಟ್ಟೆಯ ಗುಳಿಯ ತುಂಬ ಬೆಳೆದು ನಿಂತು, ಔಷಧನಿರೋಧಕ ಎಂಬ ಸುಳ್ಳು ವರದಿ ಹೊರಡುತ್ತದೆ. ಔಷಧದ ಬಿಲ್ಲೆ ಇಟ್ಟು ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಅಳೆಯುವ ವಿಧಾನವಂತೂ ಈ ಔಷಧಕ್ಕೆ ನಂಬಲರ್ಹವೇ ಅಲ್ಲ.

ಹೊಸಬರಿಗೆ ನಾನು ಹೇಳುವುದು ಇಷ್ಟೇ, ಮೊದಲು ಸಾರಿನ ಡಬ್ಬಿಯ ಮೇಲಿನ ಚೀಟಿ ಓದಿ, ಆಮೇಲೆ ರೋಗಿಯ ಚೀಟಿ.

ಗಡಸುನೀರು
ಅಂದ ಹಾಗೆ ನಾನು ದಿನವೂ ಕ್ಯಾಲ್ಸಿಯಂ ಮಾತ್ರೆ ನುಂಗುತ್ತೇನೆ, ನಮ್ಮ ಕೋಲಾರದ ಕೊಳವೆಬಾವಿಯ ನೀರಿನಲ್ಲೂ ಸುಣ್ಣವೇ ಸುಣ್ಣ. ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಹಬ್ಬವೇನು?

ವಾರ್ಡಿನ ಪಕ್ಕದ ಲ್ಯಾಬ್
ರಕ್ತದ ಮುಕ್ತ ಕ್ಯಾಲ್ಸಿಯಂ ಅನ್ನು ದೇಹ 1.1ರಿಂದ 1.3 ಮಿಲಿಮೋಲಾರ್ ಆಸುಪಾಸಿನಲ್ಲೇ ಹಿಡಿದಿಡುತ್ತದೆ, ನೀವು ಏನೇ ನುಂಗಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಒಂದು ಎಚ್ಚರ ಮಾತ್ರ ಇರಲಿ: ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಥರದ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗ ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗಬೇಡಿ. ಎರಡೂ ಹೊಟ್ಟೆಯಲ್ಲೇ ಕಚ್ಚಿಕೊಂಡು ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಇಲಿಬೋನು
ಯಾರೂ ಪ್ಲೇಗ್ ಹೆಸರೆತ್ತಲಿಲ್ಲವೇ? ಬ್ಯಾಕ್ಟೀರಿಯಾ ಮತ್ತು ಕ್ಯಾಲ್ಸಿಯಂ ಎಂದ ಕೂಡಲೇ ನನಗೆ ನೆನಪಾಗುವುದು ಯೆರ್ಸಿನಿಯಾ. 1950ರ ದಶಕದಿಂದಲೇ ಗೊತ್ತಿರುವ ವಿಚಿತ್ರ ಇದು. 26 ಡಿಗ್ರಿಯಲ್ಲಿ, ಅಂದರೆ ಚಿಗಟದ ಮೈಯ ಬಿಸಿಯಲ್ಲಿ, ಪ್ಲೇಗಿನ ರೋಗಾಣುವಿಗೆ ಕ್ಯಾಲ್ಸಿಯಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 37 ಡಿಗ್ರಿಗೆ ಏರಿಸಿ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಬೆಳವಣಿಗೆ ಗಕ್ಕನೆ ನಿಲ್ಲುತ್ತದೆ. ಬೆಳೆಯುವುದನ್ನು ಬಿಟ್ಟು ಅದು ಯಾಪ್ ಎಂಬ ಪ್ರೋಟೀನ್‌ಗಳನ್ನು ಹೊರಗೆ ಸುರಿಯತೊಡಗುತ್ತದೆ. ನಮ್ಮ ರೋಗನಿರೋಧಕ ಕೋಶಗಳ ಕೈಕಟ್ಟುವ ಅಸ್ತ್ರಗಳು ಅವು. ಈ ಗುಣ ಸುಮಾರು 70 ಸಾವಿರ ಬೇಸ್ ಜೋಡಿಗಳ ಒಂದು ಪ್ಲಾಸ್ಮಿಡ್ ಮೇಲಿದೆ, ಪ್ಲಾಸ್ಮಿಡ್ ಕಳೆದುಕೊಂಡ ತಳಿಗೆ ರೋಗ ತರುವ ಕಸುವೂ ಹೋಗುತ್ತದೆ. ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಆಕ್ಸಲೇಟ್ ಸೇರಿಸಿದ ಅಗರ್ ಮೇಲೆ 37 ಡಿಗ್ರಿಯಲ್ಲಿ ಬೆಳೆಸಿದರೆ ಪ್ಲಾಸ್ಮಿಡ್ ಇರುವವು ಸೂಜಿಮೊನೆಯಷ್ಟು ಚುಕ್ಕಿಗಳಾಗಿ ಉಳಿಯುತ್ತವೆ, ಕಳೆದುಕೊಂಡವು ದೊಡ್ಡದಾಗಿ ಬೆಳೆಯುತ್ತವೆ. ತಟ್ಟೆ ನೋಡಿಯೇ ಯಾರು ಅಪಾಯಕಾರಿ ಎಂದು ಹೇಳಬಹುದು.

ಹಳೇ ಪೇಟೆ
ಬೆಂಗಳೂರಿಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬಂದದ್ದೇ 1898ರ ಪ್ಲೇಗಿನಿಂದ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಅಗಲ ರಸ್ತೆಗಳ ಬಡಾವಣೆ ಮಾಡಿದರು. ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಇವೆ.

ಬಯಲುಸೀಮೆ
ಈಗ ಆ ಬಡಾವಣೆಯಲ್ಲಿ ಒಂದು ನಿವೇಶನದ ಬೆಲೆ ಕೇಳಿದರೆ ಪ್ಲೇಗೇ ವಾಸಿ ಅನ್ನಿಸುತ್ತದೆ.

ನಿರ್ವಾಹಕ
ನಿವೇಶನದ ಮಾತಿಗೆ ಬೇರೆ ವಿಭಾಗವಿದೆ. ಕ್ಯಾಲ್ಸಿಯಂಗೆ ಮರಳಿ ಬನ್ನಿ.

ಪೊರೆಯಾಚೆ
ಇಲಿಬೋನು ಅವರೇ, ಯೆರ್ಸಿನಿಯಾ ಕಥೆಗೆ ಬಾಲ ಸೇರಿಸುತ್ತೇನೆ. ನಮ್ಮ ರಕ್ತದಲ್ಲಿ, ಅಂಗಾಂಶದ ದ್ರವದಲ್ಲಿ ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ, ಕಡಿಮೆ ಇರುವುದು ಕೋಶದ ಒಳಗೆ. ಹಾಗಾಗಿ ತಾನು ನಮ್ಮ ಕೋಶದೊಳಗೆ ಬಂದಿದ್ದೇನೆ ಎಂದು ತಿಳಿಯಲು ಅದು ಕ್ಯಾಲ್ಸಿಯಂ ನೋಡುತ್ತದೆ ಎಂದು ಮೊದಲು ಊಹಿಸಿದರು. 1990ರ ದಶಕದಲ್ಲಿ ಸ್ವೀಡನ್ನಿನ ವುಲ್ಫ್-ವಾಟ್ಜ್ ತಂಡ, ಆತಿಥೇಯ ಕೋಶ ಮೈಗೆ ತಾಗಿದ ಜಾಗದಲ್ಲೇ ಈ ಸ್ರಾವ ಶುರುವಾಗುತ್ತದೆ ಎಂದು ತೋರಿಸಿತು. ಅಂದರೆ ಗಾಜಿನ ಕೊಳವೆಯಲ್ಲಿ ಕ್ಯಾಲ್ಸಿಯಂ ತೆಗೆಯುವುದು, ನಿಜವಾದ ಸ್ಪರ್ಶಕ್ಕೆ ನಾವು ಕೊಡುವ ಬದಲಿ.

ಸಂದೇಹಿ
ನೋಡಿದಿರಾ? ಅತಿ ಹೆಸರುವಾಸಿಯಾದ ಉದಾಹರಣೆಯೇ ಹೀಗೆ ಜಾರಿತು.

ಇಲಿಬೋನು
ಜಾರಲಿಲ್ಲ ಸ್ವಾಮಿ. ಕ್ಯಾಲ್ಸಿಯಂ ಇದ್ದಾಗ, ಯಾಪ್‌ಗಳು ಹೊರಬೀಳುವ ಸೂಜಿಯಂಥ ನಾಳದ ಬಾಯಿ ಮುಚ್ಚಿಡುವ ಯಾಪ್-ಎನ್ ಎಂಬ ಬಿರಡೆ ಇದೆ. ಅದನ್ನು ತೆಗೆದ ತಳಿ ಕ್ಯಾಲ್ಸಿಯಂ ಇದ್ದರೂ ಲೆಕ್ಕಿಸದೆ ಸುರಿಯುತ್ತದೆ. ನಿಯಂತ್ರಣ ಎಂದರೆ ಇನ್ನೇನು?

ನಾಯಿಕೆಮ್ಮು
ಸಂದೇಹಿ ಅವರ ತಕರಾರಿಗೆ ಸಿಗುವ ಒಳ್ಳೆಯ ಉತ್ತರ ಕೋಶದೊಳಗೆ ಹುಡುಕಿದರೆ ಸಿಗುವುದಿಲ್ಲ, ಬಾಗಿಲಿನಾಚೆ ನೋಡಬೇಕು. ನಾಯಿಕೆಮ್ಮಿನ ಬೋರ್ಡೆಟೆಲ್ಲಾ ಒಂದು ನಂಜು ತಯಾರಿಸುತ್ತದೆ, ಅಡೆನಿಲೇಟ್ ಸೈಕ್ಲೇಸ್ ನಂಜು, 1706 ಅಮೈನೋ ಆಮ್ಲಗಳ ಭಾರೀ ಪ್ರೋಟೀನ್. ಅದರ ಬಾಲದಲ್ಲಿ ಗ್ಲೈಸಿನ್ ಮತ್ತು ಆಸ್ಪಾರ್ಟೇಟ್ ತುಂಬಿದ ಒಂಬತ್ತು ಅಮೈನೋ ಆಮ್ಲಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಇಂಥ ಬಾಲವಿರುವ ನಂಜುಗಳ ದೊಡ್ಡ ಕುಟುಂಬವೇ ಇದೆ, ಆರ್‌ಟಿಎಕ್ಸ್ ಎನ್ನುತ್ತಾರೆ. ಮೂತ್ರಕೋಶದ ಸೋಂಕು ತರುವ ಇ. ಕೋಲಿಯ ಹೀಮೊಲೈಸಿನ್ ಕೂಡ ಇದೇ ಮನೆತನ.

ಬ್ಯಾಕ್ಟೀರಿಯಾದ ಒಳಗೆ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಈ ಬಾಲ ಮಡಿಕೆಗೊಳ್ಳದೆ ಸಡಿಲ ದಾರವಾಗಿ ಉಳಿಯುತ್ತದೆ. ಇಕ್ಕಟ್ಟಾದ ಸ್ರಾವನಾಳದೊಳಗೆ ನುಸುಳಲು ಅದೇ ಅನುಕೂಲ, ಮಡಿಚಿಕೊಂಡಿದ್ದರೆ ಸಿಕ್ಕಿಬೀಳುತ್ತಿತ್ತು. ಬಾಲದ ತುದಿ ಮೊದಲು ಹೊರಬರುತ್ತದೆ, ಹೊರಗೆ ಎರಡು ಮಿಲಿಮೋಲಾರ್‌ನಷ್ಟು ಕ್ಯಾಲ್ಸಿಯಂ ಕಾದಿದೆ. ತುದಿ ಅಲ್ಲೇ ಸುರುಳಿ ಸುತ್ತಿ ಗಟ್ಟಿಯಾಗುತ್ತದೆ, ಮತ್ತೆ ಒಳಗೆ ಜಾರುವಂತಿಲ್ಲ, ಉಳಿದ ದಾರ ಅದರ ಹಿಂದೆಯೇ ಹೊರಬರುತ್ತದೆ. ನಂಜು ನಮ್ಮ ಕೋಶಕ್ಕೆ ಹೊಕ್ಕ ಮೇಲೆ ನಮ್ಮದೇ ಕ್ಯಾಲ್ಮೊಡುಲಿನ್ ಎಂಬ ಪ್ರೋಟೀನ್ ಅದನ್ನು ಎಬ್ಬಿಸುತ್ತದೆ. ಬೋರ್ಡೆಟೆಲ್ಲಾದ ಒಳಗೆ ಕ್ಯಾಲ್ಮೊಡುಲಿನ್ ಇಲ್ಲ, ಆದ್ದರಿಂದ ತಯಾರಿಸಿದವನಿಗೆ ಅಪಾಯವಿಲ್ಲ.

ಇಲ್ಲಿ ಕ್ಯಾಲ್ಸಿಯಂ ಏರಿಳಿಯಬೇಕಾಗಿಯೇ ಇಲ್ಲ. ಒಳಗೆ ಕಡಿಮೆ, ಹೊರಗೆ ಹೆಚ್ಚು ಎಂಬ ವ್ಯತ್ಯಾಸವೇ ಪ್ರೋಟೀನಿಗೆ 'ನೀನೀಗ ಹೊರಗಿದ್ದೀಯ' ಎಂದು ಹೇಳುತ್ತದೆ.

ಅಗರ್ ತಟ್ಟೆ
ಇದು ಚೆನ್ನಾಗಿದೆ! ಕೇಳುತ್ತ ಹೋದಂತೆ ನನಗೆ ಒಂದು ಧಾಟಿ ಕಾಣುತ್ತಿದೆ. ನಮ್ಮ ಕೋಶಗಳಲ್ಲಿ ಕ್ಯಾಲ್ಸಿಯಂ ಒಳಗಿನ ಸುದ್ದಿ ಮುಟ್ಟಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಹೆಚ್ಚಾಗಿ ವಿಳಾಸ ತಿಳಿಸುವಂತಿದೆ: ನಾನೀಗ ಎಲ್ಲಿದ್ದೇನೆ, ಸಮುದ್ರದಲ್ಲೋ, ಹೊಳೆಯಲ್ಲೋ, ರಕ್ತದಲ್ಲೋ?

ಉಪ್ಪುನೀರು
ಮೇಡಂ, ನಿಮ್ಮ ಮಾತಿಗೆ ಕಾಲರಾದ ಸಾಕ್ಷಿ. 1992ರಲ್ಲಿ ಆಗಿನ ಮದ್ರಾಸಿನಲ್ಲಿ ಕಾಣಿಸಿಕೊಂಡ ಒ139 ಎಂಬ ಹೊಸ ತಳಿ ನೆನಪಿರಬಹುದು. ಸಮುದ್ರದ ನೀರಿನಲ್ಲಿ ಸುಮಾರು ಹತ್ತು ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ. ಅಲ್ಲಿ ಈ ತಳಿಯ ಹೊರಮೈಯ ಸಕ್ಕರೆ ಸರಪಳಿಗಳನ್ನು ಕ್ಯಾಲ್ಸಿಯಂ ಬೆಸೆದು ಕೋಶಗಳು ಒಟ್ಟಿಗೆ ಪಾಚಿಗಟ್ಟುತ್ತವೆ. ಸಿಹಿನೀರಿಗೆ ಬಂದರೆ ಬೆಸುಗೆ ಬಿಟ್ಟು ಕೋಶಗಳು ಚೆದುರುತ್ತವೆ, ಇದನ್ನು 2003ರಲ್ಲಿ ಕಿರೆಕ್ ಮತ್ತು ವಾಟ್ನಿಕ್ ತೋರಿಸಿದರು. ಕರಾವಳಿಯ ಉಪ್ಪುನೀರಿನಿಂದ ಕುಡಿಯುವ ನೀರಿಗೆ ರೋಗಾಣು ದಾಟುವ ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ. ಅದರ ಜೊತೆಗೆ ಕಾಲರಾ ರೋಗಾಣುವಿನಲ್ಲಿ ಕಾರ್-ಆರ್‌ಎಸ್ ಎಂಬ ಗ್ರಾಹಕ ಜೋಡಿಯೂ ಇದೆ, ಕ್ಯಾಲ್ಸಿಯಂ ಮಟ್ಟಕ್ಕೆ ತಕ್ಕಂತೆ ಪಾಚಿಯ ಅಂಟು ತಯಾರಿಸುವ ವಂಶವಾಹಿಗಳ ಮೇಲೆ ಕೈಯಾಡಿಸುತ್ತದೆ.

ಇನ್ನೊಂದು: ಸ್ಯೂಡೊಮೊನಾಸ್ ಏರುಜಿನೋಸಾದಲ್ಲಿ ಲ್ಯಾಡ್-ಎಸ್ ಎಂಬ ಕೈನೇಸ್ ಹೊರಗಿನ ಕ್ಯಾಲ್ಸಿಯಂ ಅನ್ನು ನೇರವಾಗಿ ಹಿಡಿಯುತ್ತದೆ ಎಂದು ಬಾಸೆಲ್‌ನ ಜೆನಾಲ್ ತಂಡ 2016ರಲ್ಲಿ ಪ್ರಕಟಿಸಿತು. ಕ್ಯಾಲ್ಸಿಯಂ ಸಿಕ್ಕಿದರೆ ರೋಗಾಣು ದಾಳಿಕೋರನ ಬಾಳು ಬಿಟ್ಟು ಶ್ವಾಸಕೋಶದಲ್ಲಿ ಠಿಕಾಣಿ ಹೂಡುವ ಬಾಳಿಗೆ ಹೊರಳುತ್ತದೆ. ಸಂದೇಹಿ ಅವರೇ, ನೀವು ಕೇಳಿದ 'ಬೆರಳಿಟ್ಟು ತೋರಿಸಬಹುದಾದ ಪ್ರೋಟೀನ್' ಇದೋ ಇಲ್ಲಿದೆ.

ಸಂದೇಹಿ
ಹೊರಗಿನದನ್ನು ಓದುವ ಪ್ರೋಟೀನ್ ಎಂದು ಒಪ್ಪಿದೆ. ಮೆಗ್ನೀಸಿಯಂ ಅನ್ನೂ ಸಾಲ್ಮೊನೆಲ್ಲಾ ಹೀಗೆಯೇ ಓದುತ್ತದೆ. ನನ್ನ ಪ್ರಶ್ನೆ ಒಳಗಿನ ಅರವತ್ತರ ಬಗ್ಗೆ.

ಹೆಪ್ಪು
ಡೇರಿಯಲ್ಲಿ ಚೀಸ್‌ಗೆ ಹೆಪ್ಪು ಬೆಳೆಸುವುದು ನನ್ನ ಕೆಲಸ, ಸಿದ್ಧಾಂತ ನನಗೆ ಅಷ್ಟಾಗಿ ತಿಳಿಯದು. ಆದರೆ ಒಂದು ಗೊತ್ತು. ಲ್ಯಾಕ್ಟೊಕಾಕಸ್‌ಗೆ ಬೀಳುವ ಫೇಜ್‌ಗಳು ಬಹಳಷ್ಟು ಮಟ್ಟಿಗೆ ಕ್ಯಾಲ್ಸಿಯಂ ಇದ್ದರಷ್ಟೇ ಕೋಶಕ್ಕೆ ಹತ್ತುತ್ತವೆ. ಹಾಗಾಗಿ ಹೆಪ್ಪು ಬೆಳೆಸುವ ಮಾಧ್ಯಮಕ್ಕೆ ಫಾಸ್ಫೇಟ್, ಸಿಟ್ರೇಟ್ ಸೇರಿಸಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತೇವೆ. ಫೇಜ್ ಬಂದ ದಿನ ತೊಟ್ಟಿಯಲ್ಲಿ ಹುಳಿ ಏರುವುದೇ ಇಲ್ಲ. ಬೆಳಿಗ್ಗೆ ಹಾಕಿದ ಹಾಲು ಮಧ್ಯಾಹ್ನವಾದರೂ ಹಾಲಾಗಿಯೇ ನಿಂತಿರುತ್ತದೆ, ಮೇಲಧಿಕಾರಿಯ ಮುಖ ಮಾತ್ರ ಹುಳಿಯಾಗಿರುತ್ತದೆ. ಇನ್ನೂ ಒಂದು, ಹಾಲಿನ ಕೇಸಿನ್ ಕತ್ತರಿಸುವ ಇದರ ಕಿಣ್ವ ಕೋಶಭಿತ್ತಿಗೆ ಅಂಟಿಕೊಂಡಿರುವುದು ಕ್ಯಾಲ್ಸಿಯಂ ನೆರವಿನಿಂದ. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಕೋಶಗಳನ್ನು ತೊಳೆದರೆ ಕಿಣ್ವ ಕಳಚಿಕೊಂಡು ನೀರಿಗೆ ಬರುತ್ತದೆ.

ತಂಗಳನ್ನ
ಬೀಜಕಗಳನ್ನು ಪಠ್ಯಪುಸ್ತಕಕ್ಕೇ ಬಿಟ್ಟುಬಿಟ್ಟಿರಾ? ಬ್ಯಾಸಿಲಸ್ ಬೀಜಕದ ಒಣ ತೂಕದಲ್ಲಿ ಶೇಕಡಾ 5ರಿಂದ 15ರಷ್ಟು ಡೈಪಿಕೋಲಿನಿಕ್ ಆಮ್ಲ, ಅದು ಕ್ಯಾಲ್ಸಿಯಂ ಜೊತೆ ಕಚ್ಚಿಕೊಂಡು ನಡುಭಾಗದ ನೀರನ್ನು ಹೊರದೂಡಿರುತ್ತದೆ. ಅನ್ನ ಬೆಂದರೂ ಬ್ಯಾಸಿಲಸ್ ಸೀರಿಯಸ್ ಬೀಜಕ ಬೇಯುವುದಿಲ್ಲ. ಉಳಿದ ಅನ್ನವನ್ನು ಅಡುಗೆಮನೆಯಲ್ಲೇ ಬೆಚ್ಚಗೆ ಬಿಟ್ಟರೆ ಮರುದಿನ ವಾಂತಿ ಗ್ಯಾರಂಟಿ ಎನ್ನಲಾರೆ, ಸಾಧ್ಯತೆ ಮಾತ್ರ ಇದ್ದೇ ಇದೆ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ, ಸ್ವಾರಸ್ಯ ಮುಂದಿದೆ. ಬೀಜಕ ಎಚ್ಚರಗೊಳ್ಳುವಾಗ ಈ ಕ್ಯಾಲ್ಸಿಯಂ ಲವಣ ಹೊರಗೆ ಹರಿಯುತ್ತದೆ. ಹರಿಯುತ್ತ ಹೋಗಿ ಸಿಡಬ್ಲ್ಯೂಎಲ್‌ಜೆ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ಆ ಕಿಣ್ವ ಗಟ್ಟಿ ಪದರವನ್ನು ಕರಗಿಸುತ್ತದೆ. ಆಹಾರ ಏನೂ ಕೊಡದೆ ಬರಿಯ ಕ್ಯಾಲ್ಸಿಯಂ ಡೈಪಿಕೋಲಿನೇಟನ್ನು ಹೊರಗಿನಿಂದ ಧಾರಾಳವಾಗಿ ಕೊಟ್ಟರೂ ಬ್ಯಾಸಿಲಸ್ ಸಬ್‌ಟಿಲಿಸ್ ಬೀಜಕ ಮೊಳೆಯುತ್ತದೆ. ಇದು ಸಂಕೇತವಲ್ಲದೆ ಇನ್ನೇನು?

ಪ್ಲಾಸ್ಮಿಡ್ ಪ್ರಿಯ
ಆಟೋಕ್ಲೇವ್‌ಗೆ 121 ಡಿಗ್ರಿ ಏಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗೂ ಇದೇ ಉತ್ತರ.

ನೀಲಿಹಸಿರು
ಸಂದೇಹಿ ಅವರ ಅರವತ್ತಕ್ಕೆ ನಾನು ಉತ್ತರ ತಂದಿದ್ದೇನೆ. ಅನಾಬೀನಾ ಗೊತ್ತಲ್ಲ, ಮಣಿಸರದಂಥ ನೀಲಿಹಸಿರು ಬ್ಯಾಕ್ಟೀರಿಯಾ. ನಮ್ಮಲ್ಲಿ ದನಗಳಿಗೆ ಹಾಕುವ ಅಜೋಲಾ ಎಲೆಯ ಗೂಡಿನಲ್ಲಿ ಅದರ ಹತ್ತಿರದ ಸಂಬಂಧಿಯೇ ವಾಸಿಸುತ್ತದೆ. ನೀರಿನಲ್ಲಿ ನೈಟ್ರೇಟ್, ಅಮೋನಿಯಾ ಮುಗಿದಾಗ ಸರದಲ್ಲಿ ಸುಮಾರು ಹತ್ತು ಕೋಶಕ್ಕೊಂದು ಹೆಟರೊಸಿಸ್ಟ್ ಆಗಿ ಬದಲಾಗುತ್ತದೆ, ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವುದನ್ನು ನಿಲ್ಲಿಸಿ, ಗಾಳಿಯ ಸಾರಜನಕ ಹಿಡಿಯತೊಡಗುತ್ತದೆ. ಒಮ್ಮೆ ಬದಲಾದ ಕೋಶ ಮತ್ತೆ ಒಡೆದು ಎರಡಾಗುವುದಿಲ್ಲ. ಅಷ್ಟು ದೊಡ್ಡ ನಿರ್ಧಾರ.

ಇದರಲ್ಲಿ ಸಿಸಿಬಿಪಿ ಎಂಬ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇದೆ. ಚೀನಾದ ವಿಜ್ಞಾನಿಗಳು 2005ರಲ್ಲಿ ತೋರಿಸಿದ್ದು ಇದು: ಹೆಟರೊಸಿಸ್ಟ್‌ನ ಮುಕ್ತ ಕ್ಯಾಲ್ಸಿಯಂ ಪಕ್ಕದ ಸಾಮಾನ್ಯ ಕೋಶಕ್ಕಿಂತ ಸುಮಾರು ಹತ್ತು ಪಟ್ಟು, ಮತ್ತು ಅಲ್ಲಿ ಸಿಸಿಬಿಪಿ ಇರುವುದಿಲ್ಲ. ಸಿಸಿಬಿಪಿಯನ್ನು ಬಲವಂತವಾಗಿ ಹೆಚ್ಚಿಸಿದರೆ ಹೆಟರೊಸಿಸ್ಟ್ ಹುಟ್ಟುವುದೇ ಇಲ್ಲ. ಅದರ ವಂಶವಾಹಿಯನ್ನು ಕೆಡಿಸಿದರೆ ಹೆಟರೊಸಿಸ್ಟ್‌ಗಳು ಹೆಚ್ಚುತ್ತವೆ. ಹೆಟ್-ಆರ್ ಎಂಬ ಮುಖ್ಯ ನಿಯಂತ್ರಕ ಪ್ರೋಟೀನ್ ಈ ಸಿಸಿಬಿಪಿಯನ್ನೇ ಕತ್ತರಿಸುತ್ತದೆ, ಕತ್ತರಿಸಲು ಅದಕ್ಕೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಬಿಡುಗಡೆಯಾದಷ್ಟೂ ಕತ್ತರಿಸುವ ಕೆಲಸಕ್ಕೆ ಕುಮ್ಮಕ್ಕು.

ಸಂದೇಹಿ
ಮಟ್ಟ ಬದಲಾಗುತ್ತದೆ, ಓದುವ ಪ್ರೋಟೀನ್ ಇದೆ, ತಡೆದರೆ ನಡವಳಿಕೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಪಾಸು. ಹೆಟರೊಸಿಸ್ಟ್‌ಗೆ ಇದು ನಿಂತಿತು ಎಂದ ಮಾತ್ರಕ್ಕೆ ಇ. ಕೋಲಿಗೂ ಅನ್ವಯಿಸುತ್ತದೆ ಎಂದು ನಾಳೆ ಯಾರೂ ಬರೆಯಬಾರದು ಅಷ್ಟೇ.

ಚಾವಟಿ ಬಾಲ
ಸಂದೇಹಿ ಅವರು ಪಾಸು ಮಾಡಿದರು! ನಿರ್ವಾಹಕರೇ, ಈ ಸಾಲನ್ನು ಮೇಲೆ ಅಂಟಿಸಿಡಿ.

ಅಗರ್ ತಟ್ಟೆ
ಎಲ್ಲರಿಗೂ ವಂದನೆಗಳು. ಆ ಹುಡುಗನಿಗೆ ನಾಯಿಕೆಮ್ಮಿನ ನಂಜು ಮತ್ತು ಅನಾಬೀನಾ ಎರಡನ್ನೂ ಹೇಳುತ್ತೇನೆ. ಇದರ ಜೊತೆಗೆ ಪ್ರಾಯೋಗಿಕವಾಗಿ ಏನಾದರೂ ಮಾಡಿಸಬೇಕು ಎಂದಿದೆ. ನಮ್ಮಲ್ಲಿ ಜಿಕ್ಯಾಂಪ್ ಇಲ್ಲ, ಸಾಮಾನ್ಯ ಸೂಕ್ಷ್ಮದರ್ಶಕ ಇದೆ, ಅಜೋಲಾ ತೊಟ್ಟಿ ಹಿತ್ತಲಲ್ಲೇ ಇದೆ. ಅನಾಬೀನಾ ಬೆಳೆಸಿ, ನೈಟ್ರೇಟ್ ತೆಗೆದು, ಕ್ಯಾಲ್ಸಿಯಂ ಇರುವ ಮತ್ತು ಇಲ್ಲದ ಮಾಧ್ಯಮದಲ್ಲಿ ಹೆಟರೊಸಿಸ್ಟ್ ಎಣಿಸಿದರೆ ಹೇಗೆ? ಕ್ಯಾಲ್ಸಿಯಂ ತೆಗೆಯಲು ಇಡಿಟಿಎ ಹಾಕಬಹುದಲ್ಲವೇ?

ನೀಲಿಹಸಿರು
ಅಜೋಲಾದಿಂದ ಕಿತ್ತದ್ದು ಹೊರಗೆ ಬೆಳೆಯಲು ಒಪ್ಪುವುದಿಲ್ಲ ಮೇಡಂ, ಅದು ಎಲೆಗೆ ಅಷ್ಟು ಒಗ್ಗಿಹೋಗಿದೆ. ಸ್ವತಂತ್ರವಾಗಿ ಬದುಕುವ ತಳಿಯನ್ನು ಯಾವುದಾದರೂ ಸಂಗ್ರಹಾಲಯದಿಂದ ತರಿಸಿಕೊಳ್ಳಿ. ಎಲೆಯನ್ನು ಗಾಜಿನ ಮೇಲೆ ಹಿಸುಕಿ ಹೆಟರೊಸಿಸ್ಟ್ ತೋರಿಸಲು ಮಾತ್ರ ಅಜೋಲಾ ಬಲು ಚೆನ್ನ, ಅಲ್ಲಿ ಅವುಗಳ ಪಾಲು ಹೆಚ್ಚು.

ವಾರ್ಡಿನ ಪಕ್ಕದ ಲ್ಯಾಬ್
ಇಡಿಟಿಎ ಬೇಡ. ಅದು ಮೆಗ್ನೀಸಿಯಂ ಅನ್ನೂ ಹೊತ್ತೊಯ್ಯುತ್ತದೆ, ಕ್ಲೋರೊಫಿಲ್ ನೆಚ್ಚಿದ ಜೀವಿಗೆ ಮೆಗ್ನೀಸಿಯಂ ಹೋದರೆ ನೀವು ಅಳೆಯುವುದು ಬೇರೆಯೇ ಆಗುತ್ತದೆ. ಇಜಿಟಿಎ ಬಳಸಿ, ಅದಕ್ಕೆ ಕ್ಯಾಲ್ಸಿಯಂ ಮೇಲೆಯೇ ಹೆಚ್ಚು ಒಲವು.

ಸಂದೇಹಿ
ಇಜಿಟಿಎ ಕ್ಯಾಲ್ಸಿಯಂ ಹಿಡಿಯುವಾಗ ಪ್ರೋಟಾನ್ ಬಿಡುತ್ತದೆ, ಮಾಧ್ಯಮ ಹುಳಿಯಾಗುತ್ತದೆ. ಹಾಕಿದ ಮೇಲೆ ಪಿಎಚ್ ಮತ್ತೆ ಹೊಂದಿಸಿ. ಇನ್ನೊಂದು ಬಾಟಲಿಗೆ ಇಜಿಟಿಎ ಜೊತೆಗೆ ಹೆಚ್ಚುವರಿ ಕ್ಯಾಲ್ಸಿಯಂ ಕೂಡ ಹಾಕಿ ಇಡಿ. ಅದರಲ್ಲಿ ಹೆಟರೊಸಿಸ್ಟ್ ಮರಳಿ ಬರದಿದ್ದರೆ ಫಲಿತಾಂಶವನ್ನು ಇಲ್ಲಿ ಹಾಕುವ ಮೊದಲು ನನ್ನನ್ನು ನೆನೆಸಿಕೊಳ್ಳಿ.